ಇಂಜಿನ್ ನಿಂತ ಮೇಲೆ

ಅಣ್ಣ ಬೆಳಿಗ್ಗೆ ಪೂಜೆಗೆ ಕೂತು ಇಷ್ಟಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡರೆ ಅದು ಸ್ವಲ್ಪ ಹೊರಗೆ ವಾಲುತ್ತಿತ್ತು. ಕಿರುಬೆರಳೂ ಅದರ ಪಕ್ಕದ ಬೆರಳೂ ಇಲ್ಲದ ಆ ಅಂಗೈ, ಒಂದು ಕಡೆ ಅಂಚು ಒಡೆದ ಬಟ್ಟಲಿನ ಹಾಗಿತ್ತು. ಹೆಬ್ಬೆರಳು ಬಗ್ಗಿಸಿ ಲಿಂಗಕ್ಕೆ ಆಸರೆ ಕೊಟ್ಟು, ರೆಪ್ಪೆ ಬಡಿಯದೆ ನೋಡುತ್ತ ಕೂಡುತ್ತಿದ್ದ. ಆ ಹೊತ್ತಿಗೆ ನಾನು ಏನಾದರೂ ನೆಪ ಹೇಳಿ ಮನೆಯಿಂದ ಹೊರಗೆ ಹೋಗಿಬಿಡುತ್ತಿದ್ದೆ.

ನಮ್ಮದು ಅಫಜಲಪುರ ತಾಲೂಕಿನಲ್ಲಿ ಭೀಮಾ ನದಿ ದಂಡೆಯ ಊರು. ಅಣ್ಣನದೊಂದು ಹಳೆಯ ಜೀಪಿತ್ತು. ಮಳೆಗಾಲ ಮುಗಿದು ನೀರು ಇಳಿದ ಮೇಲೆ, ಸೇತುವೆಯ ಸುತ್ತು ತಪ್ಪಿಸಲು, ಹೊಳೆಯಲ್ಲೇ ಗಾಡಿ ಇಳಿಸಿ ಜನರನ್ನು ಆಚೆ ಜೇವರ್ಗಿ ಕಡೆಗೆ ದಾಟಿಸುತ್ತಿದ್ದ. ನಾನು ಏಳನೇ ತರಗತಿಗೇ ಶಾಲೆ ಬಿಟ್ಟವನು. ಒಂದು ಅಂಗಡಿಯಲ್ಲಿ ಅಷ್ಟಿಷ್ಟು ವೈರಿಂಗ್ ಕಲಿತು ಅವನ ಜೊತೆಗಿದ್ದೆ.

ಜೀಪಿನ ರೇಡಿಯೇಟರ್ ತಂಪು ಮಾಡುವ ಫ್ಯಾನು ಇಂಜಿನ್ನಿನ ಬೆಲ್ಟಿನಿಂದ ತಿರುಗುವಂಥದ್ದು. ಹಾಗೇ ನೀರಿಗಿಳಿದರೆ ಅದು ನೀರನ್ನು ಎತ್ತಿ ಎರಚಿ ಇಂಜಿನ್ ಬಂದ್ ಮಾಡಿಬಿಡುತ್ತಿತ್ತು. ಅದಕ್ಕೇ ಅಣ್ಣ ಈಚೆ ದಂಡೆಯಲ್ಲಿ ಬೆಲ್ಟು ಬಿಚ್ಚಿ ಕೊರಳಿಗೆ ಹಾಕಿಕೊಳ್ಳುತ್ತಿದ್ದ, ಆಚೆ ದಂಡೆ ಹತ್ತಿದ ಮೇಲೆ ಮತ್ತೆ ಹಾಕುತ್ತಿದ್ದ. ಜನ ಬಿಸಿಲಲ್ಲಿ ಕಾಯಬೇಕಿತ್ತು.

"ಏನೋ ತಮ್ಮಾ, ನಿನ್ನ ಗಾಡಿಗೆ ಈಸಾಕ ಬರ್ತದೋ, ಇಲ್ಲ ನಾವ ಈಸಬೇಕೋ?" ಎಂದು ಸಂತೆಗೆ ಹೊರಟ ಮುದುಕಿಯೊಬ್ಬಳು ಕೇಳುತ್ತಿದ್ದಳು.

"ಆಯಿ, ನೀ ಸೆರಗ ಹೊತ್ಕೊಂಡ ಸುಮ್ಮ ಕೂಡು. ಈಸೋದು ಗಾಡಿಗೆ ಬಿಡು," ಎನ್ನುತ್ತಿದ್ದ ಅಣ್ಣ.

ನನಗೆ ಮಾತ್ರ ಅದು ನಾಚಿಕೆ ಅನ್ನಿಸುತ್ತಿತ್ತು. ಆಳಂದದ ಗುಜರಿಯಿಂದ ಒಂದು ಕರೆಂಟಿನ ಫ್ಯಾನು ತಂದೆ. ಖಜೂರಿ ಹಾದಿಯಲ್ಲಿ ಲಾರಿಗೆ ಸಿಕ್ಕು ನುಜ್ಜಾದ ಕಾರಿನದು. ಒಂದು ಸ್ವಿಚ್ ಇರುತ್ತದೆ, ನೀರಿಗಿಳಿಯುವ ಮುಂಚೆ ಆರಿಸಿದರೆ ಮುಗಿಯಿತು ಎಂದು ವಾದಿಸಿದೆ. ಅಣ್ಣ ಅದರ ತಗಡಿನ ಎಲೆಯ ಅಂಚನ್ನು ಬೆರಳಿನಿಂದ ಸವರಿ ನೋಡಿದ.

"ಸತ್ತ ಗಾಡೀದು ಯಾಕ ತಂದಿಯೋ? ನಮ್ಮ ಫ್ಯಾನು ಇಂಜಿನ್ನಿನ ಆಳು. ಧಣಿ ನಿಂತ್ರ ಆಳು ನಿಲ್ತದ. ಇದಕ್ಕ ಧಣಿ ಯಾರು?"

"ನೀ ಇನ್ನಾ ಎತ್ತಿನ ಗಾಡಿ ಕಾಲದಾಗ ಇದ್ದಿ," ಎಂದೆ.

"ಆತು ಬಿಡಪ್ಪಾ ಇಂಜಿನಿಯರಾ," ಎಂದು ನಕ್ಕು ಒಪ್ಪಿಕೊಂಡ. ಹಳೆಯ ಫ್ಯಾನನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟ.

ಹೊಸ ಫ್ಯಾನು ಸ್ವಿಚ್ ಹಾಕಿದ ಕೂಡಲೇ ತಿರುಗುತ್ತಿರಲಿಲ್ಲ. ರೇಡಿಯೇಟರಿನ ನೀರು ಕಾದಾಗ ತಾನಾಗಿ ಶುರುವಾಗುತ್ತಿತ್ತು. ಅದನ್ನು ಚಾವಿಯ ವೈರಿಗೆ ಜೋಡಿಸಿದರೆ ವೈರು ಸುಟ್ಟ ವಾಸನೆ ಬಂತು. ಹಾಗಾಗಿ ನೇರ ಬ್ಯಾಟರಿಗೇ ಕೊಟ್ಟೆ.

ಒಂದು ಮಧ್ಯಾಹ್ನ ಅಣ್ಣ ಜೀಪು ನಿಲ್ಲಿಸಿ, ಚಾವಿ ತೆಗೆದುಕೊಂಡು ಊಟಕ್ಕೆ ಒಳಗೆ ಹೋದ. ಅಂಗಳ ನಿಶ್ಶಬ್ದವಾಗಿತ್ತು. ಬಾನೆಟ್ಟಿನ ಕೆಳಗಿಂದ ಇದ್ದಕ್ಕಿದ್ದಂತೆ ಗುಂಯ್ ಎಂದು ಸದ್ದು ಎದ್ದಿತು. ನೆರಳಿಗೆ ಮಲಗಿದ್ದ ನಾಯಿ ಎದ್ದು ಓಡಿತು. ನಿಂತ ಗಾಡಿಯೊಳಗೆ ಫ್ಯಾನು ತನ್ನಷ್ಟಕ್ಕೆ ತಾನು ತಿರುಗುತ್ತಿತ್ತು. ಓಡಿಹೋಗಿ ಸ್ವಿಚ್ ಆರಿಸಿದೆ.

"ಏನೋ ಅದು ಸದ್ದು?" ಒಳಗಿಂದ ಅಣ್ಣ ಕೇಳಿದ.

"ಏನಿಲ್ಲಣ್ಣಾ."

ಹೇಳಿದ್ದರೆ ಆ ದಿನವೇ ಅವನು ಅದನ್ನು ಕಿತ್ತು ಹಾಕುತ್ತಿದ್ದ. ದಂಡೆಯ ಜನ ಆಗ ನನ್ನನ್ನು ಹೊಗಳತೊಡಗಿದ್ದರು. ಆ ಹೊಗಳಿಕೆ ನನಗೆ ಬೇಕಾಗಿತ್ತು. ದಪ್ಪ ವೈರು ತಂದು ಮತ್ತೆ ಚಾವಿಗೇ ಜೋಡಿಸಿದರಾಯಿತು ಎಂದುಕೊಂಡೆ. ತರಲಿಲ್ಲ.

ಮುಂದೊಂದು ದಿನ ಹೊಳೆ ದಾಟಿ ದಂಡೆ ಹತ್ತುವಷ್ಟರಲ್ಲಿ ಇಂಜಿನ್ ವಿಪರೀತ ಕಾದಿತ್ತು. ಹೊಳೆಯ ಜೊಂಡು ಒಳಗೆ ಸಿಕ್ಕಿಕೊಂಡಿತ್ತು. ಅಣ್ಣ ಇಂಜಿನ್ ಬಂದ್ ಮಾಡಿ, ಚಾವಿ ಜೇಬಿಗೆ ಹಾಕಿಕೊಂಡು ಇಳಿದ. ದಂಡೆ ಹತ್ತಿದ ಮೇಲೆ ಸ್ವಿಚ್ ಹಾಕುವುದು ನನ್ನ ಕೆಲಸ. ರೂಢಿಯಂತೆ ಹಾಕಿಬಿಟ್ಟೆ. ಫ್ಯಾನು ತಿರುಗಲಿಲ್ಲ. ಹೊಳೆಯ ನೀರು ತಗುಲಿ ರೇಡಿಯೇಟರ್ ಇನ್ನೂ ತಣ್ಣಗಿತ್ತು.

ಅಣ್ಣ ಬಲಗೈಯಿಂದ ಬಾನೆಟ್ ಎತ್ತಿ ಹಿಡಿದು, ಎಡಗೈಯನ್ನು ಫ್ಯಾನಿನ ಎಲೆಗಳ ನಡುವೆ ಇಳಿಸಿ ಜೊಂಡು ಎಳೆಯತೊಡಗಿದ. ಸ್ವಿಚ್ಚು ನನ್ನ ಕೈಗೆ ಎಟುಕುವಷ್ಟು ಹತ್ತಿರವಿತ್ತು. 'ಅಣ್ಣಾ, ಕೈ ತಗಿ' ಎನ್ನಬೇಕು ಎಂದುಕೊಂಡೆ. ಅಂದರೆ, ಯಾಕೆ ಎಂದು ಕೇಳುತ್ತಾನೆ. ಯಾಕೆ ಎಂದು ಹೇಳಬೇಕಾಗುತ್ತದೆ. ಅಷ್ಟು ಯೋಚಿಸುವುದರಲ್ಲಿ ರೇಡಿಯೇಟರಿಗೆ ಕಾವು ಏರಿ ಫ್ಯಾನು ಮತ್ತೆ ಗುಂಯ್ ಎಂದಿತು.

ಅಣ್ಣ ರಕ್ತ ಸುರಿಯುವ ಕೈಯನ್ನು ಎದೆಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಜೇಬು ತಡವಿ ಚಾವಿ ತೆಗೆದು ನನಗೆ ತೋರಿಸಿದ.

"ಇಂಜಿನ್ ಬಂದ್ ಇತ್ತಲ್ಲೋ ತಮ್ಮಾ?"

"ಸ್ವಿಚ್ ಕೆಟ್ಟಿರಬೇಕಣ್ಣಾ," ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಮತ್ತೆ ಆ ಮಾತು ಎತ್ತಲಿಲ್ಲ.

ನುಜ್ಜಾದ ಎರಡು ಬೆರಳನ್ನು ಡಾಕ್ಟರು ತೆಗೆದರು. ಮನೆಗೆ ಬಂದಾಗ ಅವ್ವ ನನ್ನ ಕಡೆ ಕೈ ಮಾಡಿ ಅಣ್ಣನನ್ನು, "ಇವನ ಹಚ್ಚಿದ ಫ್ಯಾನಲ್ಲೇನೋ ಅದು?" ಎಂದು ಕೇಳಿದಳು.

"ಇಲ್ಲ ಯವ್ವಾ, ತಪ್ಪು ನಂದ. ಇಂಜಿನ್ ಬಂದ್ ಮಾಡ್ಲಾರ್ದ ಕೈ ಹಾಕ್ದೆ," ಎಂದ ಅಣ್ಣ. ಊರವರಿಗೂ ಅದನ್ನೇ ಹೇಳಿದ. "ತಿರುಗೋ ಫ್ಯಾನಿನಾಗ ಕೈ ಇಟ್ಟಾನಂತ, ಎಂಥಾ ಡ್ರೈವರನ್ರೀ ಇಂವ!" ಎಂದು ದಂಡೆಯ ಮೇಲೆ ಜನ ಅವನೆದುರೇ ನಕ್ಕರು. ಅವನೂ ನಕ್ಕ. ನಾನು ಪಕ್ಕದಲ್ಲೇ ನಿಂತಿದ್ದೆ. ಗಾಯ ಮಾಗಿದ ಮೇಲೆ ಅಣ್ಣ ಅಟ್ಟದಿಂದ ಗೋಣಿಚೀಲ ಇಳಿಸಿ, ಉಳಿದ ಬೆರಳುಗಳಿಂದ ತಾನೇ ಹಳೆಯ ಫ್ಯಾನು ಕೂಡಿಸಿದ. ನಟ್ಟು ಬಿಗಿಯಲು ಪಾನಾ ಕೊಡು ಎಂದೂ ನನ್ನನ್ನು ಕೇಳಲಿಲ್ಲ.

ಅವನಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಕೇಳಲು ಬೇಕಾದಷ್ಟು ವರ್ಷಗಳಿದ್ದವು.

ಕೊನೆಗೆ ಕಾಮಾಲೆಯಾಗಿ ಹೋದ. ಹೂಳುವ ಕುಣಿಯಲ್ಲಿ ಕೂಡಿಸಿ ಎಡಗೈಯಲ್ಲಿ ಲಿಂಗವಿಟ್ಟರೆ ಅದು ಜಾರಿ ಜಾರಿ ಬೀಳುತ್ತಿತ್ತು. ಮೇಲಿದ್ದ ಅಯ್ಯನವರು, "ಒಡಹುಟ್ಟಿದಾಂವ ಇಳೀಲಿ, ಕೈ ಹಿಡೀಲಿ," ಎಂದರು. ಇಳಿದೆ. ಬೆರಳಿಲ್ಲದ ಕಡೆ ನನ್ನ ಬೆರಳು ಕೊಟ್ಟು ಲಿಂಗ ನಿಲ್ಲಿಸಿದೆ. ಮೇಲಿನಿಂದ ವಿಭೂತಿ, ಪತ್ರಿ ಬೀಳತೊಡಗಿದವು. ಅವನ ಕಿವಿಯ ಹತ್ತಿರ ಬಾಯಿ ಇಟ್ಟು, "ಅಣ್ಣಾ, ನನಗ ಮೊದಲ ಗೊತ್ತಿತ್ತು," ಎಂದೆ.

"ಸಾಕು, ಮ್ಯಾಲ ಬಾರೋ," ಎಂದು ಕರೆದರು. ಕೈ ಬಿಟ್ಟರೆ ಲಿಂಗ ಜಾರುತ್ತದೆ ಎಂದು ನನಗೆ ಗೊತ್ತಿತ್ತು. ಆ ಮಾತನ್ನೂ ಯಾರಿಗೂ ಹೇಳದೆ ಮೇಲೆ ಹತ್ತಿದೆ.