ಹೊತ್ತವರ ಸಾಲು

ರಸ್ತೆ ಬದಿಯಲ್ಲಿ ಇತಿಹಾಸದ ಫಲಕ ಕಂಡರೆ ನಿಲ್ಲದೆ ಮುಂದೆ ಹೋಗುವುದು ನನ್ನಿಂದ ಆಗದ ಮಾತು. ಮಾನ್ವಿಯ ಮದುವೆಯೊಂದರಲ್ಲಿ ಅಕ್ಕಿಕಾಳು ಬೀಳುವ ಹೊತ್ತು ತಪ್ಪಿಸಿಕೊಂಡದ್ದು, ದೇವದುರ್ಗದಲ್ಲಿ ಬಸ್ಸು ನನ್ನನ್ನು ಬಿಟ್ಟು ಹೋದದ್ದು, ಎಲ್ಲ ಈ ಚಟದಿಂದಲೇ. ನಮ್ಮ ಮನೆಯವರು ನೆಂಟರ ಮುಂದೆ, "ಇಕೀಗಿ ಕಲ್ಲ ಕಂಡ್ರ ಕಾಲ ಮುಂದಕ ಬರೂದಿಲ್ರೀ" ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಫಲಕದಲ್ಲಿ ತಪ್ಪು ಕಂಡರೆ, ಬಣ್ಣ ಮಾಸಿದ್ದರೆ, ಅವತ್ತೇ ಇಲಾಖೆಗೆ ಪತ್ರ ಬರೆಯುವವಳೂ ನಾನೇ. ಆಧಾರವಿಲ್ಲದ ಒಂದು ಮಾತನ್ನೂ ಸಹಿಸುವವಳಲ್ಲ ಎಂಬ ಹೆಮ್ಮೆ ನನಗೆ ಸ್ವಲ್ಪ ಹೆಚ್ಚೇ ಇತ್ತು.

ಅರಕೇರಾದಿಂದ ಸ್ವಲ್ಪ ದೂರದ ಒಂದು ಶಾಲೆಯಲ್ಲಿ ನಾನು ಮುಖ್ಯ ಶಿಕ್ಷಕಿ. ಶಾಲೆಯ ಗೇಟು ರಸ್ತೆಗೇ ತೆರೆಯುತ್ತದೆ. ರಸ್ತೆ ಅಗಲ ಮಾಡುವಾಗ ನಿಜಾಮರ ಕಾಲದ ಹಳೆಯ ಮೈಲುಗಲ್ಲೊಂದು ಬುಡಸಮೇತ ಮೇಲೆ ಬಂತು. ಕೆಲಸದವರು ಅದನ್ನು ಗುಂಡಿ ತುಂಬಲು ಒಯ್ಯುತ್ತಿದ್ದರು. ನಾನು ಅಡ್ಡ ನಿಂತು, ಮಕ್ಕಳಿಗೂ ಬೈಯದಷ್ಟು ಬೈದು, ಕಲ್ಲನ್ನು ಗೇಟಿನ ಪಕ್ಕ ನಿಲ್ಲಿಸಿದೆ. ಇನ್ನು ಅದೇನೆಂದು ಹೇಳುವ ಫಲಕವೊಂದು ಬೇಕಾಯಿತು.

ಆ ಕಲ್ಲು ನನಗೆ ಹೊಸದಲ್ಲ. ಅಪ್ಪ ಆ ರಸ್ತೆಯಲ್ಲೇ ಗ್ಯಾಂಗ್‌ಮನ್ ಆಗಿದ್ದವನು. ವರ್ಷಕ್ಕೊಮ್ಮೆ ಮೈಲುಗಲ್ಲುಗಳಿಗೆ ಸುಣ್ಣ ಬಳಿದು, ಕೊರೆದ ಅಕ್ಷರಗಳಿಗೆ ಕಪ್ಪು ಬಣ್ಣ ತುಂಬುವುದು ಅವನ ಪಾಲಿನ ಕೆಲಸ. ಅವನಿಗೆ ಕನ್ನಡವೂ ಓದಲು ಬಾರದು, ಉರ್ದುವೂ ಬಾರದು. ಎಡಗೈ ತೋರುಬೆರಳನ್ನು ಅಕ್ಷರದ ತಗ್ಗಿನಲ್ಲಿ ಆಡಿಸುತ್ತಾ ಹೋಗುತ್ತಿದ್ದ, ಅದರ ಹಿಂದೆಯೇ ಬ್ರಶ್ಶು ಹೋಗುತ್ತಿತ್ತು. ಒಂದು ಹನಿ ಬಣ್ಣ ಆಚೆ ಬಿದ್ದದ್ದನ್ನು ನಾನು ನೋಡಿಲ್ಲ.

ಫಲಕಕ್ಕೆಂದು ಎಂಟು ಸಾಲು ಬರೆದೆ. ಯಾರ ಆಳ್ವಿಕೆ, ಎಲ್ಲಿಂದ ಎಲ್ಲಿಗೆ ರಸ್ತೆ, ಆಗಿನ ಮೈಲಿಯ ಲೆಕ್ಕ ಯಾವುದು, ಎಲ್ಲವೂ ಇತ್ತು. ಊಟಕ್ಕೆ ಕುಳಿತಾಗ ಅಪ್ಪನಿಗೆ ಓದಿ ಹೇಳಿದೆ.

"ಚಲೋ ಬರದಿ ಯವ್ವಾ" ಎಂದ. ಒಂದು ತುತ್ತು ರೊಟ್ಟಿ ಅಗಿದು ನುಂಗಿ, "ಹೊತ್ತವ್ರು ಎಲ್ಲಿ ಅದಾರ ಇದ್ರಾಗ?" ಎಂದು ಕೇಳಿದ.

"ಯಾರು ಹೊತ್ತವ್ರು?"

"ನಿಮ್ಮಜ್ಜ. ಅವನ ಜೋಡಿ ಇದ್ದ ಮಂದಿ. ಗಾಡಿ ಹೋಗದ ಕಡಿ ಈ ಕಲ್ಲ ಹೆಗಲ ಮ್ಯಾಲ ಬಂದಾವ."

"ಅದಕ್ಕ ಆಧಾರ ಇಲ್ಲ ಯಪ್ಪಾ. ಎಲ್ಲ್ಯರ ಬರದಿಟ್ಟಿರಬೇಕು."

"ಅವನ ಹೆಗಲು ಜಡ್ಡುಗಟ್ಟಿತ್ತಲ್ಲ ಬೇ. ಸಣ್ಣಾಕಿ ಇದ್ದಾಗ ಅದರ ಮ್ಯಾಲ ಕುಂತ ಸಂತಿಗಿ ಹೋಗೀದಿ. ಮರತಿ?"

ಮರೆತಿರಲಿಲ್ಲ. ಆದರೂ ಹೆಗಲಿನ ಜಡ್ಡನ್ನು ಆಧಾರವೆಂದು ಒಪ್ಪಲು ನನ್ನೊಳಗಿನ ಮೇಷ್ಟ್ರಮ್ಮ ತಯಾರಿರಲಿಲ್ಲ. ಆಗುವುದಿಲ್ಲ ಎಂದೆ. ಅಪ್ಪ ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಕಲ್ಲು ನೋಡಲು ಬಾ ಎಂದು ಎಷ್ಟು ಕರೆದರೂ ಶಾಲೆಯ ಕಡೆ ಬರಲಿಲ್ಲ. ತನ್ನ ಅಪ್ಪನಿಲ್ಲದ ಫಲಕ ಅವನಿಗೆ ಬೇಕಾಗಿರಲಿಲ್ಲ.

ಕೆಲವು ದಿನಗಳ ನಂತರ ಅವನ ಕಣ್ಣು ತೋರಿಸಲು ರಾಯಚೂರಿಗೆ ಹೋದೆವು. ಡಾಕ್ಟರು ಬೇಗ ಬಿಟ್ಟರು, ಬಸ್ಸಿಗೆ ಹೊತ್ತಿತ್ತು. ಕೋಟೆಗೆ ಕರೆದುಕೊಂಡು ಹೋದೆ. ಅಲ್ಲಿ ಗೋಡೆಯಲ್ಲಿ ಒಂದು ಭಾರೀ ಉದ್ದದ ಕಲ್ಲಿದೆ, ಅದರ ಮೇಲೆ ಶಾಸನ. ನಾನು ಪಾಠ ಶುರು ಮಾಡಿದೆ. ಅರ್ಧ ಮುಗಿಸಿ ತಿರುಗಿದರೆ ಅಪ್ಪ ಪಕ್ಕದಲ್ಲಿಲ್ಲ. ಆಚೆಗೆ ಗೋಡೆಗೆ ಮೂಗು ತಾಗಿಸಿಕೊಂಡು ನಿಂತಿದ್ದಾನೆ. ಅಲ್ಲಿ ಆ ಕಲ್ಲನ್ನು ಸಾಗಿಸಿದ ಚಿತ್ರವನ್ನೇ ಕೊರೆದಿದ್ದಾರೆ: ಗಾಡಿ, ಎಳೆಯುವ ಪ್ರಾಣಿಗಳ ಸಾಲು, ದುಡಿಯುವ ಜನ. ಅಪ್ಪನ ಬೆರಳು ಒಬ್ಬೊಬ್ಬ ಮನುಷ್ಯನ ಮೇಲೂ ನಿಂತು ನಿಂತು ಹೋಗುತ್ತಿತ್ತು.

"ಇವ್ರು ಯಾರು?"

"ಆ ಕಲ್ಲು ತಂದವ್ರು ಯಪ್ಪಾ."

"ಹೆಸರು ಅದಾವೇನು?"

"ಇಲ್ಲ."

"ಹೆಸರಿಲ್ದಿದ್ರೂ ಇಟ್ಟಾರ ನೋಡು" ಎಂದ, ಅಷ್ಟೇ. ನಮ್ಮ ಕಲ್ಲಿನ ಸುದ್ದಿ ತೆಗೆಯಲಿಲ್ಲ.

ಪ್ರವಾಸಕ್ಕೆ ಬಂದ ಎಷ್ಟು ಮಕ್ಕಳಿಗೆ ಆ ಚಿತ್ರ ತೋರಿಸಿದ್ದೇನೋ ನಾನು! ತೋರಿಸಿದ್ದೆ, ಒಮ್ಮೆಯೂ ನೋಡಿರಲಿಲ್ಲ. ನಾಚಿಕೆಯಾಯಿತು. ಅಲ್ಲೇ ಕಲ್ಲುಕಟ್ಟೆಯ ಮೇಲೆ ಕುಳಿತು, ಚೀಲದಿಂದ ಹಾಳೆ ತೆಗೆದು ಕೊನೆಗೆ ಒಂದು ಸಾಲು ಸೇರಿಸಿ ಅಪ್ಪನಿಗೆ ಓದಿದೆ. ಖುಷಿಯಾದರೆ ಅಪ್ಪ ತಪ್ಪು ಹುಡುಕುತ್ತಾನೆ. "ಯಾವುದರ ಮ್ಯಾಲ ಬರಸ್ತಿ?" ಎಂದ. ತಗಡಿನ ಮೇಲೆ ಎಂದೆ. "ತಗಡಿನ ಮ್ಯಾಲ ನನ್ನ ಬೆರಳಿಗಿ ಏನ ಸಿಗತದ?"

ಹಾಗಾಗಿ ಶಹಾಬಾದ್ ಕಲ್ಲಿನ ಚಪ್ಪಡಿ ಬಂತು. ಒಂಬತ್ತು ಸಾಲು ಹಿಡಿಯುವುದಿಲ್ಲ ಎಂದು ಕೆತ್ತುವವನು ಹಟ ಹಿಡಿದ. ನನ್ನ ಪ್ರೀತಿಯ ಮೈಲಿಯ ಲೆಕ್ಕವನ್ನೆಲ್ಲ ಹೊಡೆದುಹಾಕಿ ಐದಕ್ಕೆ ಇಳಿಸಿದೆ. ಕೊನೆಯ ಸಾಲನ್ನು ಮುಟ್ಟಲು ಬಿಡಲಿಲ್ಲ. ನಾಲ್ಕು ಸಾಲಿಗೆ ಕೆತ್ತುವವನೇ ಬಣ್ಣ ತುಂಬಿದ, ಐದನೆಯದನ್ನು ಬಣ್ಣವಿಲ್ಲದೆ ಹಾಗೇ ಉಳಿಸಿಕೊಂಡೆ.

ಚಪ್ಪಡಿ ನಿಲ್ಲಿಸಿದ ದಿನ ಅಪ್ಪ ತನ್ನ ಹಳೆಯ ಬ್ರಶ್ಶು ಹಿಡಿದು ಬಂದ. ಅವನ ಬೆರಳನ್ನು ಕೊನೆಯ ಸಾಲಿನ ಮೊದಲ ಅಕ್ಷರಕ್ಕೆ ಹಚ್ಚಿಕೊಟ್ಟೆ. "ಈ ಕಲ್ಲನ್ನು ಹೊತ್ತು ತಂದವರು ರಸ್ತೆ ಕೂಲಿಕಾರರು." ಅರ್ಧಕ್ಕೆ ಬಂದು ಬ್ರಶ್ಶು ನಿಲ್ಲಿಸಿದ.

"ಇದ್ರಾಗ ನಿಮ್ಮಜ್ಜ ಎಲ್ಲಿ ಬರ್ತಾನ?"

ಅವನ ಬೆರಳನ್ನು ಕೊನೆಯ ಪದದ ಮೇಲೆ ಇಟ್ಟೆ. ಆ ಪದಕ್ಕೆ ಬಣ್ಣ ತುಂಬಿ, ಒಣಗುವವರೆಗೆ ಪಕ್ಕದಲ್ಲೇ ಕುಳಿತು, ಮೇಲೆ ಇನ್ನೊಂದು ಕೈ ಹಚ್ಚಿದ. ನನಗೆ ಕಣ್ಣು ತುಂಬಿ ಬಂತು.

ಈಗಲೂ ಯುಗಾದಿಗೆ ಮುಂಚೆ ತಪ್ಪದೆ ಬರುತ್ತಾನೆ, ಅದೊಂದೇ ಸಾಲಿಗೆ ಬಣ್ಣ ತುಂಬಿ ಬ್ರಶ್ಶು ತೊಳೆಯುತ್ತಾನೆ. ಮೇಲಿನ ನಾಲ್ಕಕ್ಕೂ ಹಚ್ಚು ಎಂದರೆ, "ಅವು ಸರ್ಕಾರದ್ವು, ಇಲಾಖೆಯವ್ರು ನೋಡ್ಕೊಂತಾರ ಬಿಡು" ಎನ್ನುತ್ತಾನೆ. ಯಾರೂ ನೋಡಿಕೊಂಡಿಲ್ಲ. ಆ ಸಾಲುಗಳ ಕಪ್ಪು ಬಿಸಿಲಿಗೆ ಮಾಸಿಹೋಗಿದೆ. ಬೈಕು ನಿಲ್ಲಿಸುವವರಿಗೆ ರಸ್ತೆಯಿಂದ ಓದಲು ಸಿಗುವುದು ಹೊತ್ತವರ ಸಾಲು ಒಂದೇ. ಇಲಾಖೆಗೆ ನಾನು ಪತ್ರ ಬರೆದಿಲ್ಲ.