ಸೆಮಿಕೋಲನ್, ನೆಕ್ಸ್ಟ್ ಲೈನ್

"ಬ್ರ್ಯಾಕೆಟ್ ಓಪನ್... ಬ್ರ್ಯಾಕೆಟ್ ಕ್ಲೋಸ್... ಸೆಮಿಕೋಲನ್... ನೆಕ್ಸ್ಟ್ ಲೈನ್."

ಕಳೆದ ವರ್ಷ ಸಂಜೆಯಾದರೆ ಗೋಕಾಕದ ನಮ್ಮ ಮನೆಯ ಮಾಳಿಗೆಯಿಂದ ಇಳಿದು ಬರುತ್ತಿದ್ದ ಸದ್ದು ಇದು. ಮೇಲೆ ಬಾಡಿಗೆಗೆ ಇಬ್ಬರು ಹುಡುಗಿಯರಿದ್ದರು. ಮೂಡಲಗಿಯ ಪಲ್ಲವಿ, ಹುಕ್ಕೇರಿಯ ಶಬಾನಾ. ಇಬ್ಬರದೂ ಎಂ.ಎಸ್ಸಿ. ಕಂಪ್ಯೂಟರ್ ಸೈನ್ಸ್. ಅಂಗಳದಲ್ಲಿ ನಿಂತರೆ ಕಿಟಕಿಯಲ್ಲಿ ಕಾಣುತ್ತಿತ್ತು: ಶಬಾನಾ ಓದಿ ಹೇಳುವುದು, ಪಲ್ಲವಿ ತಲೆ ಬಗ್ಗಿಸಿ ಬರೆಯುವುದು.

ಕಂಪ್ಯೂಟರ್ ಓದುವವರಿಗೆ ಪೆನ್ನು ಯಾಕೆ? ಅದೂ ಒಬ್ಬಳು ಹೇಳಿ ಇನ್ನೊಬ್ಬಳು ಬರೆಯುವುದು ಯಾಕೆ? ನನಗೆ ಡೌಟ್ ಬಂತು. (ಕಾನ್ವೆಂಟಿನಲ್ಲಿ ಓದಿ, ಜೀವಮಾನವಿಡೀ ಇಂಗ್ಲಿಷ್ ಕಲಿಸಿದವಳು ನಾನು. ಪಕ್ಕದವಳ ಒಂದು ಕಾಮಾ ನೋಡಿ ಬರೆದರೂ ಸಿಸ್ಟರ್ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು.)

ಒಮ್ಮೆ ಇಬ್ಬರೂ ತಮ್ಮ ಲ್ಯಾಬ್ ಜರ್ನಲ್‌ಗಳನ್ನು ನನ್ನ ಟೇಬಲ್ ಮೇಲಿಟ್ಟು ಅಂಗಡಿಗೆ ಹೋದರು. ತೆರೆದೆ. (ಹೌದು, ಕೇಳದೆ.) ಎರಡರಲ್ಲೂ ಸಾಲಿಗೆ ಸಾಲು ಒಂದೇ! ಕೆಳಗೆ ಲೆಕ್ಚರರ್ ಸಹಿ ಬೇರೆ. ಥೀಸಿಸ್ ಇಲ್ಲ, ರಿಸರ್ಚ್ ಇಲ್ಲ. ಕ್ಲಾಸು, ಟೆಸ್ಟು, ಜರ್ನಲ್ಲು. ಇದಕ್ಕೆ ಮಾಸ್ಟರ್ಸ್ ಡಿಗ್ರಿ ಎನ್ನುತ್ತಾರೆಯೇ?

ಅಷ್ಟರಲ್ಲಿ ಪಲ್ಲವಿಯ ಅಪ್ಪನ ಫೋನು. ಮೂಡಲಗಿಯಲ್ಲಿ ಅವರದು ಬೀಜದ ಅಂಗಡಿ. ಡೌಟು ಅವರಿಗೂ ಇತ್ತು. ಒಳ್ಳೆಯ ಮನೆತನ ಕೇಳಿಕೊಂಡು ಬಂದಿದೆ, ಮಗಳು ಓದಿನ ನೆವ ಹೇಳುತ್ತಿದ್ದಾಳೆ. ಓದು ನಿಜವಾದರೆ ಇನ್ನೊಂದು ವರ್ಷ ಬಿಡುತ್ತೇನೆ, ಇಲ್ಲವಾದರೆ ಕರೆದೊಯ್ಯುತ್ತೇನೆ ಎಂದರು.

"ಟೀಚರ್ ಬಾಯರ, ನಿಮ್ಮ ಮಾತ ಕಡೀ ಮಾತ್ರಿ. ಹುಡುಗಿ ಖರೇನ ಓದಾಕತ್ತಾಳೇನ್ರಿ?"

"ಓದೂದೇನೂ ಕಾಣವಲ್ದರಿ. ನೋಡಿ ಬರಿಯೂದು ಕಾಣತೈತಿ," ಅಂದೆ.

ಎಷ್ಟು ನೀಟಾದ ಸೆಂಟೆನ್ಸು! ಫೋನಿಟ್ಟ ಮೇಲೂ ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡೆ.

ಮೂರನೆಯ ದಿನ ಅಪ್ಪ ಬಂದರು. ಪಲ್ಲವಿಯ ಹಾಸಿಗೆ, ಟ್ರಂಕು, ಪುಸ್ತಕ ಎಲ್ಲ ಜೀಪು ಹತ್ತಿದವು. ನಾನು ಕುಂಕುಮ ಕೊಟ್ಟು ಕಳಿಸಿದೆ.

ಒಬ್ಬಳೇ ಉಳಿದ ಶಬಾನಾ ಕೆಲವು ದಿನ ನನ್ನನ್ನು ಕಂಡರೆ ಸರಸರನೆ ಮಾಳಿಗೆ ಹತ್ತಿಬಿಡುತ್ತಿದ್ದಳು. ಆಮೇಲೆ ನಾನೇ ಕೆದಕಿ ಕೇಳಿದೆ. ಲ್ಯಾಬಿನಲ್ಲಿ ಇಬ್ಬರಿಗೊಂದೇ ಕಂಪ್ಯೂಟರ್ ಅಂತೆ. ಜೋಡಿಯಾಗಿ ಪ್ರೋಗ್ರಾಂ ಮಾಡಿ, ಅದು ಓಡುವುದನ್ನು ಸರ್‌ಗೆ ತೋರಿಸಬೇಕು. ಬಳಿಕ ಅದನ್ನೇ ಇಬ್ಬರೂ ಚೆಂದ ಅಕ್ಷರದಲ್ಲಿ ಜರ್ನಲ್‌ಗೆ ಇಳಿಸಬೇಕು; ಒಬ್ಬರು ಓದಿ ಹೇಳಿದರೆ ತಪ್ಪಿಲ್ಲದೆ ಬೇಗ ಮುಗಿಯುತ್ತದಂತೆ. ಇಲ್ಲದಿದ್ದರೆ ಸಹಿ ಇಲ್ಲ, ಪರೀಕ್ಷೆಯೂ ಇಲ್ಲ. ಮತ್ತೆ ಆ ಪ್ರೋಗ್ರಾಂ ಯಾರದು?

"ತಲೀ ಅಕೀದರಿ ಮೇಡಂ. ನಂದು ಬರೇ ಬಾಯಿ."

ಮರುದಿನವೇ ಮೂಡಲಗಿ ಬಸ್ ಹತ್ತಿದೆ. ನನ್ನಿಂದ ತಪ್ಪಾಯಿತು ಎಂದು ಅವಳ ಅಪ್ಪನಿಗೆ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ದೊಡ್ಡವರು ತಿಳಿದೇ ಹೇಳಿರುತ್ತೀರಿ, ಹೇಗೂ ಮದುವೆ ಮಾತುಕತೆ ಮುಗಿದಿದೆ ಎಂದು ನಕ್ಕರು. ಅವರಿಗೆ ಬೇಕಾಗಿದ್ದದ್ದು ನನ್ನ ಉತ್ತರವೋ, ಬರೀ ಒಂದು ಕಾರಣವೋ? ಈಗ ನನಗೆ ಆ ಡೌಟೂ ಇದೆ.

ಚಹಾ ತಂದವಳು ಪಲ್ಲವಿ. ನಾನು "ಸಾರಿ" ಅಂದೆ. (ತಪ್ಪೊಪ್ಪಿಕೊಳ್ಳಲು ಇಂಗ್ಲಿಷ್ ಎಷ್ಟು ಸುಲಭ!) ಅವಳು ಕಪ್ಪು ಕೈಗಿಟ್ಟು ಮೆಲ್ಲಗೆ ಹೇಳಿದಳು.

"ಒಮ್ಮೆರ ಮ್ಯಾಲ ಬಂದು ನನ್ನ ಕೇಳಬೇಕಿತ್ತರಿ ಮೇಡಂ."

ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ನಾನು ಅವಳನ್ನು ನೋಡಿದ್ದು ಅದೇ ಕೊನೆ.

ಅವಳಪ್ಪ ನನ್ನನ್ನು ಕೇಳಿದರು, ನಾನು ಅವಳ ಜರ್ನಲ್ಲನ್ನು ಕೇಳಿದೆ. ಓದುತ್ತಿದ್ದವಳನ್ನು ಕೇಳಿದವರು ಯಾರು?