ಶಂಭುಲಿಂಗಪ್ಪ ವಿಮಾನ ಹಿಡಿದದ್ದು

ರಾಯಚೂರಿನ ಫೋಟೋಗ್ರಾಫರ್ ಶಂಭುಲಿಂಗಪ್ಪನಿಗೆ ಜೀವನದಲ್ಲಿ ಒಂದೇ ಕೊರತೆ. ಅವನ ಗಿರಾಕಿಗಳಲ್ಲಿ ಒಬ್ಬರಾದರೂ ಎದುರಿಗೆ ಬಂದು "ಫೋಟೋ ಚಲೋ ಬಂದದ ನೋಡಪ್ಪಾ" ಎಂದು ಹೇಳಿದವರಿರಲಿಲ್ಲ. ಹೇಳುವುದು ಅವರ ಕೈಯಲ್ಲೂ ಇರಲಿಲ್ಲ. ಎಲ್ಲರೂ ಸತ್ತವರು.

ದೇವದುರ್ಗದಲ್ಲಿ ಹುಟ್ಟಿದ ಅವನು ಹೈದರಾಬಾದಿನ ಒಂದು ಸ್ಟುಡಿಯೋದಲ್ಲಿ ಕೆಲವು ವರ್ಷ ದುಡಿದು, ಮಾಲೀಕ ಮೂಲೆಗೆ ಹಾಕಿದ್ದ ಮರದ ಪೆಟ್ಟಿಗೆಯ ಕ್ಯಾಮೆರಾವನ್ನು ಹೊತ್ತುಕೊಂಡು ರಾಯಚೂರಿಗೆ ಬಂದು ಅಂಗಡಿ ತೆರೆದಿದ್ದ. ಬಾಗಿಲ ಮೇಲಿನ ಬೋರ್ಡಿನಲ್ಲಿ ಕನ್ನಡ, ಉರ್ದು, ಇಂಗ್ಲಿಷ್ ಮೂರರಲ್ಲೂ ಅವನ ಹೆಸರಿನ ಹಿಂದೆ 'ಪ್ರೊಫೆಸರ್' ಎಂದು ಬರೆಸಿದ್ದ. ಯಾವುದರ ಪ್ರೊಫೆಸರ್ ಎಂದು ಓಣಿಯಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೆ ಅವನಿಗೂ ತಿಳಿಯುತ್ತಿತ್ತು. ವೈಶಾಖದ ರಾಯಚೂರಿನಲ್ಲಿ ನಾಯಿ ಕೂಡ ನೆರಳು ಬಿಟ್ಟು ಕದಲುವುದಿಲ್ಲ. ಆ ಬಿಸಿಲಿನಲ್ಲೂ ಪ್ರೊಫೆಸರ್ ಸಾಹೇಬರ ಮೈಮೇಲೆ ಉಣ್ಣೆಯ ಕೋಟು.

ಜನ ಮಾತ್ರ ಅಂಗಡಿಯ ಎದುರು ಹಾದುಹೋಗುವಾಗ ಮುಖ ಆಚೆ ತಿರುಗಿಸುತ್ತಿದ್ದರು. ಕ್ಯಾಮೆರಾದ ಕಣ್ಣಿಗೆ ಬಿದ್ದರೆ ಆಯುಷ್ಯ ಸೋರುತ್ತದೆ ಎಂಬ ಹೆದರಿಕೆ. ಸತ್ತ ಮೇಲೆ ಆ ಹೆದರಿಕೆ ಇಲ್ಲವಲ್ಲ! ಹಿರಿಯರು ತೀರಿಕೊಂಡರೆ ಕೂರಿಸಿ, ಹಣೆತುಂಬ ವಿಭೂತಿ ಹಚ್ಚಿ, ಹೂವು ಏರಿಸಿ, "ಶಂಭುಲಿಂಗನ್ನ ಕರೀರಿ" ಎನ್ನುವರು. ಕವಿತಾಳವಿರಲಿ, ಬಾಗಲವಾಡವಿರಲಿ, ಸತ್ತಾರ್ ಸಾಬನ ಟಾಂಗಾ ಹತ್ತಿ ಅವನು ಹಾಜರು. ಕರಿ ಅರಿವೆ ಹೊದ್ದು, ಕ್ಯಾಮೆರಾದ ಮೂತಿಯ ಮುಚ್ಚಳ ತೆಗೆದು, ನಿಧಾನವಾಗಿ ಎಣಿಸಿ, ಮತ್ತೆ ಮುಚ್ಚುವನು. ಅದಕ್ಕೂ ಮೊದಲು ತಪ್ಪದೆ ಹೇಳುತ್ತಿದ್ದ: "ಯಾರೂ ಅಲುಗಾಡಬ್ಯಾಡ್ರಿ." ಸುತ್ತ ನಿಂತ ಮಕ್ಕಳು ಮೊಮ್ಮಕ್ಕಳು ಬಿಕ್ಕಳಿಸಿ ಅಳುತ್ತ ಮಂಜಿನ ಮುದ್ದೆಗಳಾಗಿ ಮೂಡುವರು. ಇಡೀ ಗುಂಪಿನಲ್ಲಿ ಪ್ರೊಫೆಸರರ ಮಾತು ಕೇಳಿ ಸ್ಪಷ್ಟವಾಗಿ ಬರುತ್ತಿದ್ದವರು ನಡುವೆ ಕೂತವರೊಬ್ಬರೇ.

ಯುದ್ಧದ ಕಾಲವದು, ನಲವತ್ಮೂರನೆಯ ಇಸವಿ. ಶ್ರಾವಣ ಹತ್ತಿರವಿತ್ತು. ಮಾನ್ವಿಯ ಅಕ್ಕಿ ಗಿರಣಿಯ ಗಡಿಗೆಪ್ಪ ಮಗಳ ಮದುವೆಯ ಜವಳಿಗೆಂದು ರಾಯಚೂರಿಗೆ ಬಂದಿದ್ದ. ಶಂಭುಲಿಂಗಪ್ಪ ಅವನನ್ನು ಬಜಾರಿನಲ್ಲೇ ಅಡ್ಡಗಟ್ಟಿದ.

"ಗಡಿಗೆಪ್ಪನವರ, ಮಗಳ ಮದಿವಿ ಫೋಟೋ ನಾನ ತೆಗಿತೀನ್ರಿ."

"ನೀನಾ?" ಗಡಿಗೆಪ್ಪ ಎಲೆಯಡಿಕೆ ಉಗುಳಿ ಬಾಯಿ ಖಾಲಿ ಮಾಡಿಕೊಂಡ. "ನಮ್ಮಪ್ಪನ್ನ ನೀನ ತೆಗದಿ. ಸುಳ್ಳ್ಯಾಕ ಹೇಳ್ಲಿ, ಇದ್ದಾಗಿಗಿಂತ ಚಲೋ ಕಾಣ್ತಾನ. ಆದ್ರ ಮದುಮಗನ ಮುಂದ ನೀ ಆ ಕರಿ ಅರಿವಿ ಹೊತ್ಕೊಂಡು ನಿಂತಿ ಅಂದ್ರ ಬೀಗರು ಹಂದರ ಬಿಟ್ಟು ಓಡ್ತಾರ."

"ಜೀವ ಇದ್ದವರನ್ನೂ ತೆಗಿಯಾಕ ಬರ್ತದ್ರಿ ನನಗ."

"ಹೌದಾ? ಯಾರನ್ನ ತೆಗದಿ, ಒಂದ್ ಹೆಸರು ಹೇಳು."

ಹೆಸರು ಇದ್ದರಲ್ಲವೇ ಹೇಳುವುದು? ಶಂಭುಲಿಂಗಪ್ಪನ ಕಣ್ಣಿಗೆ ಎದುರಿನ ಗೋಡೆಯ ಜಾಹೀರಾತು ಬಿತ್ತು. ದೀಪಾವಳಿ ಕಳೆದ ಮೇಲೆ ಯುದ್ಧನಿಧಿಗಾಗಿ ರಾಯಚೂರಿನ ಮೈದಾನದಲ್ಲಿ ವಿಮಾನದ ಕಸರತ್ತು ನಡೆಯುವುದೆಂದು ಅದರಲ್ಲಿತ್ತು. ಬಾಯಿ ಬುದ್ಧಿಯನ್ನು ಕೇಳದೆ ಮಾತಾಡಿಬಿಟ್ಟಿತು: "ಹಾರೂ ವಿಮಾನಾನ ಹಿಡಿದು ತೋರಸ್ತೀನ್ರಿ! ಆವಾಗೇನಂತೀರಿ?"

ಬಜಾರು ಬಜಾರೇ ನಕ್ಕಿತು. ಗಡಿಗೆಪ್ಪ ಹೊಟ್ಟೆ ಹಿಡಿದುಕೊಂಡ. "ಹಿಡದಿ ಅಂದ್ರ ಮದಿವಿಗಿ ನೀನ. ನಮ್ಮವ್ವನ ಆಣಿ. ತಪ್ಪಿತು ಅಂದ್ರ ಮಾನ್ವಿ ಕಡಿ ಯಾರರ ಸತ್ತಾಗಷ್ಟ ಮಾರಿ ತೋರ್ಸು."

ಮರುದಿನದಿಂದ ಅಭ್ಯಾಸ ಶುರುವಾಯಿತು. ಕ್ಯಾಮೆರಾದ ಮೂತಿಯೊಳಗೆ ಸ್ಪ್ರಿಂಗಿನ ಒಂದು ಪರದೆಯಿತ್ತು. ರಬ್ಬರಿನ ಬುರುಡೆ ಹಿಚುಕಿದರೆ ಕಣ್ಣು ಮಿಟುಕಿಸಿದಂತೆ ತೆರೆದು ಮುಚ್ಚುವ ಪರದೆ. ಹೆಣಗಳಿಗೆ ಅಂಥ ಅವಸರ ಇಲ್ಲದ್ದರಿಂದ ಅದು ತುಕ್ಕು ಹಿಡಿದಿತ್ತು. ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಅದನ್ನು ಎಬ್ಬಿಸಿ, ಓಡುವ ಟಾಂಗಾ ಕುದುರೆಯ ಮೇಲೆ ಪ್ರಯೋಗ ಮಾಡಿದ. ಕುದುರೆಗೆ ಎಂಟು ಕಾಲು ಬಂದವು.

"ಪ್ರೊಫೆಸರ್ ಸಾಬ್," ಎಂದ ಸತ್ತಾರ್ ಸಾಬ್ ಫೋಟೋವನ್ನು ತಿರುಗಿಸಿ ತಿರುಗಿಸಿ ನೋಡಿ, "ನಮ್ಮ ಕುದ್ರಿಗಿ ಇಷ್ಟು ಕಾಲಿದ್ರ ನಾ ಟಾಂಗಾ ಯಾಕ ಹೊಡಿತಿದ್ದೆ? ಸರ್ಕಸ್ ಇಡ್ತಿದ್ದೆ."

ಯುದ್ಧದಿಂದಾಗಿ ಗಾಜಿನ ಪ್ಲೇಟುಗಳು ಎಲ್ಲಿಯೂ ಸಿಗುತ್ತಿರಲಿಲ್ಲ. ಹದ್ದು, ಪಾರಿವಾಳ, ಗಾಳಿಪಟ ಎಂದು ಇದ್ದವನ್ನೆಲ್ಲ ಹಾಳು ಮಾಡಿ, ಕಡೆಗೆ ಒಂದೇ ಒಂದು ಪ್ಲೇಟು ಉಳಿದಾಗ ಅವನು ಕ್ಯಾಮೆರಾ ಮುಚ್ಚಿಟ್ಟು, ಪಂಚಮಿಗೆ ತವರಿಗೆ ಹೋಗಿದ್ದ ಹೆಂಡತಿಯನ್ನು ಕರೆತರಲು ಮಸರಕಲ್ಲಿಗೆ ಹೊರಟ. ಹಬ್ಬದ ಮನೆಗೆ ಆ ಪೆಟ್ಟಿಗೆ ತರಕೂಡದೆಂದು ಅತ್ತೆಯ ಕಟ್ಟಪ್ಪಣೆಯೂ ಇತ್ತು.

ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಹೆಂಡತಿ ಚನ್ನಮಲ್ಲಮ್ಮ ಅದರ ಮೇಲೆ ಗೆಳತಿಗೆ ಎದುರಾಗಿ ನಿಂತು ಜೀಕುತ್ತಿದ್ದಳು. ಜೋಕಾಲಿ ಮೇಲಿನ ಕೊಂಬೆಯ ಮಟ್ಟ ಮುಟ್ಟುತ್ತಿತ್ತು. ಕೆಳಗೆ ಜೋಲುಮುಖ ಹಾಕಿ ಕೂತ ಗಂಡನನ್ನು ನೋಡಿ ಅಲ್ಲಿಂದಲೇ ಕೂಗಿದಳು: "ವಿಮಾನ ಹಿಡಿಯಾವ್ರು ಹೆಂಡ್ತಿನ್ನರ ಹಿಡೀರಿ ನೋಡೋಣು!"

"ನೀ ನಿಂತ್ರಲ್ಲ ಹಿಡಿಯೂದು?"

"ಮ್ಯಾಲ ಬಂದಾಗ ನಿಲ್ತೀನಲ್ರಿ! ಇತ್ಲಾಗ ಏರೂದೂ ಇಲ್ಲ, ಅತ್ಲಾಗ ಇಳಿಯೂದೂ ಇಲ್ಲ. ಒಂದ್ ಚೂರು ಹೊತ್ತು ಜೀವ ಅಲ್ಲೇ ನೇತಾಕ್ಕೊಂಡಂಗ ಆಗ್ತದ."

ಶಂಭುಲಿಂಗಪ್ಪ ತಲೆ ಎತ್ತಿದ. ಹೌದು. ಜೋಕಾಲಿ ಭರ್ರನೆ ಏರಿ, ತುದಿಯಲ್ಲಿ ಏನೋ ಮರೆತವರಂತೆ ತಡೆದು, ಆಮೇಲೆ ಬೀಳುತ್ತಿತ್ತು. ಹೈದರಾಬಾದಿನಲ್ಲಿದ್ದಾಗ ಅವನು ಬೇಗಂಪೇಟೆಯ ಮೇಲೆ ವಿಮಾನಗಳ ಕಸರತ್ತು ಕಂಡಿದ್ದ. ಅವೂ ನೆಟ್ಟಗೆ ಏರಿ, ತುದಿಯಲ್ಲಿ ಹೀಗೆಯೇ ತಡೆದು ಮಗುಚುತ್ತಿದ್ದವು. ಅವನು ಎದ್ದು ನಿಂತು, ಜೋಕಾಲಿ ತುದಿ ಮುಟ್ಟಿದಾಗಲೆಲ್ಲ ಗಾಳಿಯಲ್ಲೇ ಬುರುಡೆ ಹಿಚುಕುವಂತೆ ಮುಷ್ಟಿ ಬಿಗಿಯತೊಡಗಿದ. ಮೊದಲು ಮುಷ್ಟಿ ತಡವಾಯಿತು. ಹೊತ್ತು ಇಳಿಯುವಷ್ಟರಲ್ಲಿ ಜೋಕಾಲಿಗೂ ಮುಷ್ಟಿಗೂ ತಾಳ ಕೂಡಿತ್ತು.

"ಯವ್ವಾ, ಅಳಿಯಂದ್ರ ಕೈಗಿ ಏನೋ ಆಗ್ಯಾದ ನೋಡು!" ಎಂದು ಓಣಿಯ ಹೆಣ್ಣುಮಕ್ಕಳು ಅತ್ತೆಗೆ ಸುದ್ದಿ ಮುಟ್ಟಿಸಿದರು.

ಕಾರ್ತಿಕದಲ್ಲಿ ವಿಮಾನ ಬಂತು. ಒಂದರ ಮೇಲೊಂದು ಎರಡು ಜೊತೆ ರೆಕ್ಕೆಗಳ ಪುಟ್ಟ ವಿಮಾನ. ಊರೂರಿನ ಬಂಡಿಗಳು ಮೈದಾನ ತುಂಬಿದ್ದವು. ಇಳಿದ ಕೂಡಲೇ ಮುದುಕಿಯರು ಅದರ ಮೂತಿಗೆ ಕುಂಕುಮ ಹಚ್ಚಿ ಕಾಯಿ ಒಡೆದರು. ಪೈಲಟ್, ಮೀಸೆ ಈಗಷ್ಟೇ ಚಿಗುರಿದ ಗೋರಾ ತರುಣ, ತನ್ನ ಕೈಗೆ ಬಂದ ಕೊಬ್ಬರಿಯನ್ನು ಏನು ಮಾಡಬೇಕೆಂದು ತಿಳಿಯದೆ ಸಲ್ಯೂಟ್ ಹೊಡೆದ. ಶೇರವಾನಿ ತೊಟ್ಟ ಸಾಹೇಬರೆಲ್ಲ ಫೋಟೋಕ್ಕೆಂದು ರೆಕ್ಕೆಯ ಪಕ್ಕ ಸಾಲಾಗಿ ನಿಂತರು. ಕ್ಯಾಮೆರಾ ಹೊತ್ತು ಬರುತ್ತಿರುವವನು ಯಾರೆಂದು ಕಂಡದ್ದೇ, ಒಬ್ಬೊಬ್ಬರಿಗೂ ಬೇರೆ ಕಡೆ ಜರೂರು ಕೆಲಸ ನೆನಪಾಯಿತು.

ವಿಮಾನ ಮೇಲೆದ್ದಿತು. ಕೋಟೆಯ ಗುಡ್ಡದ ಕಡೆ ಹೋಗಿ, ನೆಟ್ಟಗೆ ಮುಗಿಲಿಗೆ ಮೂತಿ ಮಾಡಿ ಏರಿ, ಬುರುಜಿನ ಮೇಲ್ಗಡೆ ಸರಿಯಾಗಿ ತಡೆದು, ಮಗುಚಿ ಬಿದ್ದು ಮತ್ತೆ ಹಾರಿತು. ಕರಿ ಅರಿವೆಯೊಳಗಿನ ಗಾಜಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ಆದರೂ ಶಂಭುಲಿಂಗಪ್ಪ ಗುರುತಿಸಿದ: ಅದೇ ಜೋಕಾಲಿ! ಕ್ಯಾಮೆರಾವನ್ನು ಬುರುಜಿನ ಮೇಲ್ಗಡೆಗೆ ಗುರಿಯಿಟ್ಟು, ಉಳಿದಿದ್ದ ಒಂದೇ ಪ್ಲೇಟನ್ನು ಸೇರಿಸಿ, ಹೊರಗೆ ಬಂದು ಬುರುಡೆ ಹಿಡಿದು ನಿಂತ.

ವಿಮಾನ ಎರಡನೆಯ ಸಲ ಏರತೊಡಗಿತು. ಅಷ್ಟರಲ್ಲಿ ಯಾರೋ ಕಿರುಚಿದರು: "ಲೇ, ಹೆಣದ ಶಂಭುಲಿಂಗ ವಿಮಾನಕ್ಕ ಕ್ಯಾಮೆರಾ ಹಚ್ಯಾನ! ಬಿತ್ತು ತಿಳ್ಕೋರಿ ಅದು!"

ಗುಂಪು ಸರ್ರನೆ ಮುತ್ತಿತು. ಪೊಲೀಸ್ ಅಮೀನ ದಡದಡ ಬಂದು ಕ್ಯಾಮೆರಾದ ಮೂತಿಗೆ ತನ್ನ ಅಂಗೈ ಮುಚ್ಚಿದ. "ಬಂದ್ ಮಾಡು! ಸರ್ಕಾರದ ವಿಮಾನ ಬಿತ್ತಂದ್ರ ಜವಾಬು ಯಾರು ಕೊಡ್ತಾರ? ನೀನಾ, ನಾನಾ?" ಆ ಅಂಗೈಯ ಹಿಂದೆ ಎರಡನೆಯ ಜೋಕಾಲಿ ಕಳೆದುಹೋಯಿತು. ಬಂಡಿಯ ಮೇಲೆ ಕೂತಿದ್ದ ಗಡಿಗೆಪ್ಪ ಮೀಸೆಯಲ್ಲೇ ನಗುತ್ತಿದ್ದ. ಶಂಭುಲಿಂಗಪ್ಪನ ಪಾಲಿಗೆ ಇನ್ನು ಜನ್ಮಪೂರ್ತಿ ಹೆಣಗಳೇ.

ಸತ್ತಾರ್ ಸಾಬ್ ಗುಂಪು ಸೀಳಿಕೊಂಡು ಬಂದ. "ಅಮೀನ್ ಸಾಬ್, ಒಂದ್ ಮಾತು. ಇವ್ರು ನಮ್ಮ ಕುದ್ರಿದೂ ಫೋಟೋ ತೆಗದಾರ್ರಿ. ಶ್ರಾವಣದಾಗ. ಅಲ್ನೋಡ್ರಿ."

"ಸತ್ತೈತೇನು?"

"ಹುಲ್ಲು ತಿನ್ನಾಕತ್ತದ್ರಿ! ನಿಮ್ಮ ಬೆನ್ನ ಹಿಂದ."

ಅಮೀನ ತಿರುಗಿದ. ಗುಂಪೂ ತಿರುಗಿತು. ಕುದುರೆ ತನ್ನ ನಾಲ್ಕೇ ಕಾಲಿನ ಮೇಲೆ ನಿಂತು, ಅಧಿಕಾರಿಗಳ ದರ್ಪಕ್ಕೆ ಬಗ್ಗದೆ ಮೇಯುತ್ತಿತ್ತು. ಹಾಗೆ ತಿರುಗುವಾಗ ಅಂಗೈ ಮೂತಿಯಿಂದ ಸರಿದಿತ್ತು. ಮೇಲೆ ವಿಮಾನ ಮೂರನೆಯ ಸಲ ಏರಿತು, ಏರಿತು, ಮೂತಿ ಮುಗಿಲಿಗೆ ಇಟ್ಟು ತಡೆಯಿತು. ಬೇವಿನ ಮರದ ಕೆಳಗೆ ಪಳಗಿದ ಮುಷ್ಟಿ ತಾನಾಗಿ ಬಿಗಿಯಿತು.

ಚಿಟಿಕ್.

ಅದೇ ಗಳಿಗೆಯಲ್ಲಿ ಎಂಜಿನ್ನಿನ ಸದ್ದು ಅಡಗಿ ವಿಮಾನ ಕಲ್ಲಿನಂತೆ ಬಿತ್ತು. ಈ ಸಲ ಮೊದಲಿನೆರಡು ಸಲಕ್ಕಿಂತ ಕೆಳಗೆ, ಬುರುಜಿಗಿಂತ ಕೆಳಗೆ. "ಕೊಂದಾ!" ಎಂದು ಮೈದಾನ ಒಟ್ಟಿಗೆ ಚೀರಿತು. ಅಮೀನ ಉಣ್ಣೆ ಕೋಟಿನ ಕೊರಳಪಟ್ಟಿ ಹಿಡಿದ. ಗಡಿಗೆಪ್ಪ ರುಮಾಲಿನಿಂದ ಕಣ್ಣು ಮುಚ್ಚಿಕೊಂಡ. ಪ್ರೊಫೆಸರನಿಗೂ ಒಂದು ಕ್ಷಣ ತನ್ನ ಮೇಲೆ ತನಗೇ ಹೆದರಿಕೆಯಾಯಿತು.

ಆಗ ಎಂಜಿನ್ ಗುಡುಗಿತು. ವಿಮಾನ ನೆಲದ ಹತ್ತಿರದಿಂದ ಸೊಯ್ಯನೆ ಎದ್ದು, ನೂರು ರುಮಾಲು ಹಾರಿಸಿ, ಜನರ ತಲೆಯ ಮೇಲೆ ಹಾದು, ಮೈದಾನದ ತುದಿಯಲ್ಲಿ ಹೂವಿನಂತೆ ಇಳಿಯಿತು. ಗೋರಾ ತರುಣ ಕೈ ಬೀಸುತ್ತ ಹೊರಬಂದ. ಕೊಬ್ಬರಿ ಅರ್ಧ ತಿಂದಿದ್ದ.

ಜನ ವಿಮಾನ ನೋಡಿದರು, ಶಂಭುಲಿಂಗಪ್ಪನನ್ನು ನೋಡಿದರು. ಅಮೀನ ಕೊರಳಪಟ್ಟಿಯನ್ನು ಬಿಟ್ಟು, ಅದರ ಸುಕ್ಕನ್ನು ತಾನೇ ತೀಡಿ ಸರಿಮಾಡಿದ.

ಮರುದಿನ, ಬಿಸಿಲಿಗಿಟ್ಟು ಅಚ್ಚು ತೆಗೆದ ಫೋಟೋ ಅವನ ಅಂಗಡಿಯ ಬಾಗಿಲಿಗೆ ತೂಗಿತು. ಕೆಳಗೆ ಬುರುಜು, ಮೇಲೆ ಮುಗಿಲಿಗೆ ಮೂತಿ ಮಾಡಿದ ವಿಮಾನ. ರೆಕ್ಕೆಗಳ ನಡುವಿನ ತಂತಿ ಕೂಡ ಎಣಿಸುವಷ್ಟು ಸ್ಪಷ್ಟ. ಗಡಿಗೆಪ್ಪ ಹತ್ತಿರ ಹೋಗಿ, ದೂರ ಹೋಗಿ ನೋಡಿದ. ಸೋಲು ಒಪ್ಪುವುದು ಗಿರಣಿ ಮಾಲೀಕರ ರೂಢಿಯಲ್ಲ.

"ಇದು ನಿಂತದಲ್ಲೋ! ನಿಂತದ್ದನ್ನ ತೆಗಿಯಾಕ ನಿನಗ ಮೊದ್ಲಿಂದ ಬರ್ತದ."

ಒಳಗಿನಿಂದ ಚನ್ನಮಲ್ಲಮ್ಮ ಕೇಳಿದಳು: "ಮುಗಿಲಾಗ ಯಾವ ಹೊರಸಿನ ಮ್ಯಾಲ ನಿಂತದ್ರಿ ಅದು, ಗಡಿಗೆಪ್ಪಣ್ಣಾರ?"

ಗಡಿಗೆಪ್ಪ ರುಮಾಲು ಸರಿಮಾಡಿಕೊಂಡ. "ಮಾರ್ಗಶಿರದಾಗ ಮದಿವಿ. ನಸುಕಿನ್ಯಾಗ ಬಾ," ಎಂದ.

ಸುದ್ದಿ ಪ್ರೊಫೆಸರನಿಗಿಂತ ಮೊದಲೇ ಮಾನ್ವಿ ತಲುಪಿತ್ತು, ದಾರಿಯಲ್ಲಿ ಮೈ ತುಂಬಿಕೊಂಡು. ವಿಮಾನ ಸತ್ತೇ ಹೋಗಿತ್ತಂತೆ. ಶಂಭುಲಿಂಗಪ್ಪ ಬುರುಡೆ ಹಿಚುಕಿ ಅದಕ್ಕೆ ಉಸಿರು ತುಂಬಿದನಂತೆ. ಅದು ಹಾಗಲ್ಲವೆಂದು ತಿದ್ದಲು ಪ್ರೊಫೆಸರನಿಗೆ ಬಿಡುವಾಗಲಿಲ್ಲ.

ಮದುವೆಯ ಹಂದರಕ್ಕೆ ಅವನು ಕಾಲಿಟ್ಟಾಗ ಬೀಗರು ಓಡಲಿಲ್ಲ, ಕ್ಯಾಮೆರಾದ ಎದುರಿನ ಕುರ್ಚಿಗಾಗಿ ಜಗಳವಾಡಿದರು. ಅವರನ್ನೆಲ್ಲ ಕೋಲಿನಿಂದ ಸರಿಸಿ ಮೊದಲು ಬಂದು ಕೂತವಳು ಗಡಿಗೆಪ್ಪನ ತಾಯಿ ಬಸವಂತಮ್ಮ. ಗಂಡನ ಕೊನೆಯ ಫೋಟೋ ತೆಗೆಯುವಾಗ ಕಣಜದ ಹಿಂದೆ ಅಡಗಿಕೊಂಡಿದ್ದ ಮುದುಕಿ.

"ನನ್ನ ತೆಗಿಯೋ ಯಪ್ಪಾ ಮೊದಲ. ಬಿದ್ದದ್ದನ್ನ ಎಬ್ಬಸ್ತೀ ಅಂತಲ್ಲ!"

"ಯವ್ವಾ, ಅಲುಗಾಡಬ್ಯಾಡ್ರಿ," ಎಂದ ಶಂಭುಲಿಂಗಪ್ಪ, ರೂಢಿಯಂತೆ.

"ಸುಮ್ಮನ ಕುಂದ್ರಾಕ ಮುಂದ ಭಾಳ ದಿನ ಅವ. ನೀ ನಿನ್ನ ಕೆಲಸ ಮಾಡು!" ಎಂದು ಮುದುಕಿ ಸೊಸೆಯ ಕಡೆ ತಿರುಗಿ, ಬೀಗರ ಮೂಗಿನ ಬಗ್ಗೆ ಏನೋ ಹೇಳಿ, ಹಲ್ಲಿಲ್ಲದ ಬಾಯಿ ತೆರೆದು ಗೊಳ್ಳನೆ ನಕ್ಕಳು. ನಗು ಏರಿತು, ಏರಿ ತುದಿಯಲ್ಲಿ ತಡೆಯಿತು. ಶಂಭುಲಿಂಗಪ್ಪ ಮುಚ್ಚಳದ ಗೊಡವೆಗೆ ಹೋಗದೆ ಬುರುಡೆ ಹಿಚುಕಿದ.

ಆ ಫೋಟೋ ಗಿರಣಿಯ ಗೋಡೆಯ ಮೇಲೆ, ಗಂಭೀರವಾಗಿ ಕೂತ ಗಂಡನ ಪಕ್ಕದಲ್ಲೇ ತೂಗಿತು. ಬಸವಂತಮ್ಮ ದಿನವೂ ಅದರ ಎದುರು ನಿಂತು, "ಚಲೋ ಬಂದದ ನೋಡಪ್ಪಾ," ಎನ್ನುತ್ತಿದ್ದಳು. ಅದಾದ ಮೇಲೆ ಆಕೆ ಮರಿಮಗನ ಮದುವೆಯನ್ನೂ ಕಂಡೇ ಹೋದಳು. ಅದರ ಶ್ರೇಯವನ್ನು ಜನ ಪ್ರೊಫೆಸರ್ ಶಂಭುಲಿಂಗಪ್ಪನಿಗೆ ಕೊಟ್ಟರು. ಅವನು ಬೇಡವೆನ್ನಲಿಲ್ಲ.